ನೈಟ್ ಡ್ಯೂಟಿಯಲ್ಲಿ ತಪಸ್ಸುಕಾಲ: ವಾರ್ಡ್ ಕಲಿಸಿದ ಪಾಠ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವುದು ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರ. ಅದು ಕಳೆದು ಎರಡೇ ದಿನಕ್ಕೆ, ಮೊದಲ ಶುಕ್ರವಾರ ಚರ್ಚಿನ ಬಲಿಪೂಜೆಯಲ್ಲಿ ಬೈಬಲಿನ ಯೆಶಾಯ ಪ್ರವಾದಿಯ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸುತ್ತೀರಿ, ನಿಮ್ಮ ಉಪವಾಸ ಜಗಳ ಗುದ್ದಾಟದಲ್ಲಿ ಮುಗಿಯುತ್ತದೆ ಎಂದು ಪ್ರವಾದಿ ಗದರುವ ಭಾಗ ಅದು. ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ನಮ್ಮಂಥವರಿಗೆ ಇಡೀ ತಪಸ್ಸುಕಾಲಕ್ಕೆ ಈ ಒಂದು ಓದು ಸಾಕು. ಹಸಿವು ನಮ್ಮದು, ಸಿಡುಕು ರೋಗಿಗೆ ಎಂದಾದರೆ ಆ ಉಪವಾಸ ದೇವರಿಗೆ ಮುಟ್ಟುವುದಿಲ್ಲ. ಹಾಗಾಗದಂತೆ ಅದನ್ನು ಶಿಫ್ಟಿಗೆ ಹೊಂದಿಸಿಕೊಳ್ಳಬೇಕು. ಹೊಂದಿಸಲು ಬರುತ್ತದೆ, ಸ್ವಲ್ಪ ಲೆಕ್ಕ ಬೇಕು ಅಷ್ಟೆ.

ಮೊದಲು ನಿಯಮ. ಕಥೋಲಿಕ ಧರ್ಮಸಭೆ ಕಡ್ಡಾಯವಾಗಿ ಉಪವಾಸ ಹೇಳಿರುವುದು ಎರಡೇ ದಿನ: ವಿಭೂತಿ ಬುಧವಾರ, ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಅಂದು ಒಂದು ಪೂರ್ತಿ ಊಟ ಮಾಡಬಹುದು, ಬೆಳಿಗ್ಗೆ ಸಂಜೆ ಸ್ವಲ್ಪ ಏನಾದರೂ ತಿನ್ನಬಹುದು. 1966ರಲ್ಲಿ ಪೋಪ್ ಆರನೇ ಪೌಲರು ಕೊಟ್ಟ ಕಟ್ಟಳೆಯಲ್ಲೇ ಇದು ಇದೆ. ಮಾಂಸ ಬಿಡುವ ನಿಯಮ ಈ ಎರಡು ದಿನಗಳಿಗೂ ತಪಸ್ಸುಕಾಲದ ಉಳಿದ ಶುಕ್ರವಾರಗಳಿಗೂ ಇದೆ, 14 ತುಂಬಿದವರಿಂದ ಮೇಲಕ್ಕೆ. ನಲವತ್ತು ದಿನ ಮೀನು, ಮೊಟ್ಟೆ ಮುಟ್ಟದಿರುವುದು ನಮ್ಮ ಅನೇಕ ಮನೆಗಳ ಭಕ್ತಿ. ಒಳ್ಳೆಯದೇ. ಆದರೆ ಅದು ಸ್ವಂತ ಹರಕೆ, ಸಭೆಯ ಆಜ್ಞೆಯಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ, ಆಪರೇಷನ್ ಆಗಿ ಪ್ರೋಟೀನ್ ಬೇಕಾದ ರೋಗಿಗಳೂ ಮೊಟ್ಟೆ ತಟ್ಟೆಯನ್ನು ವಾಪಸ್ ಕಳಿಸುತ್ತಾರೆ. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ನಾವು ಹೇಳಿದರೆ ಕೇಳದವರು ಚಾಪೆಲ್‌ನ ಫಾದರ್ ಹಾಸಿಗೆ ಪಕ್ಕ ನಿಂತು ಹೇಳಿದರೆ ಒಪ್ಪುತ್ತಾರೆ. ಅವರನ್ನು ಕರೆಸಲು ಹಿಂಜರಿಯಬಾರದು.

ಇನ್ನು ಶಿಫ್ಟ್. ಉಪವಾಸದ ದಿನ ಮಧ್ಯರಾತ್ರಿ 12ರಿಂದ ಮುಂದಿನ ಮಧ್ಯರಾತ್ರಿ 12ರವರೆಗೆ. ನೈಟ್ ಡ್ಯೂಟಿಯವರು ಎಡವುವುದು ಇಲ್ಲೇ. ಬುಧವಾರ ರಾತ್ರಿ 8ಕ್ಕೆ ಡ್ಯೂಟಿ ಹಿಡಿಯುವವರು ಅಭ್ಯಾಸಬಲದಿಂದ ಮಧ್ಯಾಹ್ನ ಒಂದಕ್ಕೇ ಪೂರ್ತಿ ಊಟ ಮುಗಿಸಿ ಮಲಗುತ್ತಾರೆ. ರಾತ್ರಿ 10ರ ಔಷಧಿ ರೌಂಡಿನ ಹೊತ್ತಿಗೆ ಹೊಟ್ಟೆ ಖಾಲಿ, ತಲೆ ಭಾರ, ಟ್ರಾಲಿಯ ಮೇಲಿನ ಚೀಟಿಯನ್ನು ಎರಡೆರಡು ಸಲ ಓದಬೇಕಾಗುತ್ತದೆ. ಔಷಧಿ ತಪ್ಪುವುದು ಇಂಥ ಹೊತ್ತಿನಲ್ಲೇ. ಅದರ ಬದಲು ಬೆಳಿಗ್ಗೆ ಎರಡು ಇಡ್ಲಿ, ನಿದ್ದೆಯಿಂದೆದ್ದ ಮೇಲೆ ಒಂದು ಬಾಳೆಹಣ್ಣು, ಪೂರ್ತಿ ಊಟವನ್ನು ಸಂಜೆ 6:30ಕ್ಕೆ, ಡ್ಯೂಟಿಗೆ ಹೊರಡುವ ಮುಂಚೆ ಇಟ್ಟುಕೊಳ್ಳಿ. ಅನ್ನ, ಬೇಳೆ ಸಾರು, ಒಂದು ಕಾಳಿನ ಪಲ್ಯ, ಮಜ್ಜಿಗೆ. 12 ದಾಟಿದ ಮೇಲೆ ಗುರುವಾರ, ಡಬ್ಬಿ ಬಿಚ್ಚಿ ಮೊಸರನ್ನ ತಿನ್ನಬಹುದು. ಬೆಳಿಗ್ಗೆ 7ರಿಂದ 2ರವರಿಗೆ 6ಕ್ಕೆ ಸ್ವಲ್ಪ ತಿಂಡಿ, 2:30ಕ್ಕೆ ಪೂರ್ತಿ ಊಟ. ಮಧ್ಯಾಹ್ನದ ಶಿಫ್ಟಿನವರಿಗೆ 1ಕ್ಕೆ ಊಟ.

ನೀರಿಗೆ ತಡೆಯೇ ಇಲ್ಲ. ಶುಭ ಶುಕ್ರವಾರ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ, ಬಿಸಿಲು ಏರಿದ ಕಾಲ. ನೀರೂ ಬಿಟ್ಟು ಇಡೀ ದಿನ ಓಡಾಡಿದವರು ಮಧ್ಯಾಹ್ನ ಮೂರರ ಆರಾಧನೆಯಲ್ಲಿ ತಲೆಸುತ್ತಿ ಬೀಳುತ್ತಾರೆ.

ಕಾಫಿ ಬಿಡುವವರು ನಮ್ಮಲ್ಲಿ ಬಹಳ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ವಿಭೂತಿ ಬುಧವಾರ ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರು. ಎರಡನೇ ದಿನ ಜೋರು, ಕೆಲವರಿಗೆ ವಾರ ಪೂರ್ತಿ ಎಳೆಯುತ್ತದೆ. ಆ ವಾರ ಬೆಲ್ ಒತ್ತಿದ ರೋಗಿಗೆ, ಹೆದರಿ ನಿಂತ ಸ್ಟೂಡೆಂಟ್ ನರ್ಸ್‌ಗೆ ಸಿಗುವುದು ಬಿರುಸು ಮಾತು. ಯೆಶಾಯ ಹೇಳಿದ ಜಗಳ ಇದೇ. ಬಿಡುವುದೇ ಆದರೆ ಹತ್ತು ದಿನ ಮುಂಚಿನಿಂದ ಎರಡು ದಿನಕ್ಕೊಂದು ಲೋಟ ಇಳಿಸುತ್ತಾ ಬನ್ನಿ, ಕೊನೆಗೆ ಅರ್ಧ ಲೋಟಕ್ಕೆ ತಂದು ನಿಲ್ಲಿಸಿ. 2027ರ ವಿಭೂತಿ ಬುಧವಾರ ಫೆಬ್ರವರಿ 10. ಅಂದರೆ ಜನವರಿ ಮುಗಿಯುವಾಗಲೇ ಇಳಿಸಲು ತೊಡಗಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವ ಸಹೋದ್ಯೋಗಿಗಳು ಊಟ ಬಿಡುವುದು ಬೇಡ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕೂಡ. ಅವರನ್ನು ಈ ನಿಯಮ ಕಟ್ಟುವುದಿಲ್ಲ. ಡ್ಯೂಟಿ ರೂಮಿನಲ್ಲಿ ರೀಲ್ಸ್ ನೋಡದಿರುವುದು, ಇನ್ನೊಬ್ಬರ ಬೆನ್ನ ಹಿಂದೆ ಆಡುವ ಮಾತಿಗೆ ಸೇರದಿರುವುದು ಊಟ ಬಿಡುವುದಕ್ಕಿಂತ ಕಷ್ಟದ ತಪಸ್ಸು.

ರೋಗಿಗಳ ವಿಷಯದಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಶುಭ ಶುಕ್ರವಾರದ ಬೆಳಿಗ್ಗೆ. ಮಿಕ್ಸ್‌ಟಾರ್ಡ್‌ನಂಥ ಇನ್ಸುಲಿನ್‌ಅನ್ನು ತಿಂಡಿಗೆ 30 ನಿಮಿಷ ಮುಂಚೆ ಕೊಡುತ್ತೇವೆ. 7:30ಕ್ಕೆ ಚುಚ್ಚಿದ್ದಾಗಿದೆ. 8ಕ್ಕೆ ತಟ್ಟೆ ಬಂದಿದೆ. 9ಕ್ಕೆ ನೋಡಿದರೆ ಮುಚ್ಚಳ ತೆಗೆದೇ ಇಲ್ಲ, ಒಳಗೆ ಇಡ್ಲಿ ತಣ್ಣಗಾಗಿ ಗಟ್ಟಿಯಾಗಿದೆ, ಚಟ್ನಿಯ ಮೇಲೆ ನೀರು ಬಿಟ್ಟಿದೆ. ಅಜ್ಜಿ ಕೈಯಲ್ಲಿ ಜಪಸರ ಹಿಡಿದು ಕಣ್ಣು ಮುಚ್ಚಿದ್ದಾರೆ. ಪ್ರಾರ್ಥನೆಯೋ ಸಕ್ಕರೆ ಇಳಿದ ಮಂಪರೋ ದೂರದಿಂದ ತಿಳಿಯುವುದಿಲ್ಲ. ಹಣೆ ಮುಟ್ಟಿ ನೋಡಿ, ತಣ್ಣಗಿನ ಬೆವರಿದೆಯೇ? ಕೂಡಲೇ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಪರೀಕ್ಷೆ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ, ನುಂಗಲು ಬರುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕರಗಿಸಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ಸರಿಯಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಡಾಕ್ಟರನ್ನು ಕರೆದು, ರಕ್ತನಾಳಕ್ಕೆ ಕೊಡುವ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್‌ಗೆ ಸಿದ್ಧ ಮಾಡಬೇಕು. ಇಷ್ಟೆಲ್ಲ ತಪ್ಪಿಸಲು ಸಿರಿಂಜ್ ಎತ್ತುವ ಮುಂಚೆ ಕೇಳಬೇಕಾದ್ದು ಒಂದೇ ಮಾತು: “ಅಜ್ಜೀ, ಇವತ್ತು ತಿಂಡಿ ತಿಂತೀರಾ, ಉಪವಾಸ ಏನಾದ್ರೂ ಇದೆಯಾ?” ಇಲ್ಲ, ತಿನ್ನಲ್ಲ ಎಂದರೆ ಇನ್ಸುಲಿನ್ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಮುಂದಿನ ಶಿಫ್ಟಿನವರಿಗೆ ವಿವರ ಒಪ್ಪಿಸುವ ಹ್ಯಾಂಡೋವರ್ ಪುಸ್ತಕದಲ್ಲೇ ಹಿಂದಿನ ರಾತ್ರಿ ಬೆಡ್ ನಂಬರಿನ ಮುಂದೆ “ಉಪವಾಸ, ಕೇಳಿ ಕೊಡಿ” ಎಂದು ಬರೆದಿಟ್ಟರೆ ಬೆಳಗಿನವರಿಗೆ ನೆನಪಾಗುತ್ತದೆ. ಶಿವರಾತ್ರಿಗೂ, ರಂಜಾನಿಗೂ ಇದೇ ಸಾಲು ಬೇಕು.

ಹಣೆಯ ವಿಭೂತಿಯನ್ನು ಇಡೀ ದಿನ ಉಳಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಐಸಿಯು, ಓಟಿಗೆ ಹೋಗುವ ಮುಂಚೆ ಮುಖ ತೊಳೆಯಿರಿ. ಅಂದಿನ ಶುಭಸಂದೇಶವೇ, ಮತ್ತಾಯ 6ರಲ್ಲಿ, ಉಪವಾಸ ಮಾಡುವಾಗ ಮುಖ ತೊಳೆದುಕೋ ಎನ್ನುತ್ತದೆ.

ಶುಕ್ರವಾರದ ಕ್ಯಾಂಟೀನ್ ಬಗ್ಗೆಯೂ ಒಂದು ಮಾತು. ನಿಯಮ ಮಾಂಸಕ್ಕೆ ಮಾತ್ರ, ಮೀನಿಗೆ ಇಲ್ಲ. ಹಾಗೆಂದು ಕರಾವಳಿ ಕಡೆ ಕೋಳಿ ಸುಕ್ಕ ಬಿಟ್ಟು ಅದಕ್ಕಿಂತ ದುಬಾರಿಯ ಅಂಜಲ್ ಫ್ರೈ ತರಿಸಿಕೊಂಡರೆ ಬಿಟ್ಟದ್ದೇನು? ಗಂಜಿ, ಚಟ್ನಿ ಸಾಕು. ಉಳಿದ ಹಣ ಬೇರೆಯವರದು, ಅದನ್ನು ನಮ್ಮ ಉಳಿತಾಯಕ್ಕೆ ಸೇರಿಸುವಂತಿಲ್ಲ. ದಾನ ಸೇರದ ಉಪವಾಸ ಬರೀ ಡಯಟ್ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕ್ಯಾಂಟೀನ್ ಚಹಾ 15 ರೂಪಾಯಿ ಎಂದಿಟ್ಟುಕೊಳ್ಳಿ, ದಿನಕ್ಕೆ ಎರಡು ಬಿಟ್ಟರೆ 40 ದಿನಕ್ಕೆ 1,200. ತಿಂಗಳ ಕೊನೆಗೆ ಕೊಡೋಣವೆಂದರೆ ಅದು ಕರಗಿ ಹೋಗಿರುತ್ತದೆ. ಎಲ್ಲ ಫೋನಿನಲ್ಲೇ ಪಾವತಿಯಾಗುವ ಈ ಕಾಲದಲ್ಲಿ ಬಿಟ್ಟ ಹಣ ಕಣ್ಣಿಗೇ ಕಾಣುವುದಿಲ್ಲ. ಆಯಾ ದಿನ ಡ್ಯೂಟಿ ಮುಗಿದ ಕೂಡಲೇ ಆ 30 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ. ಕೊಡುವ ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಜನರಲ್ ವಾರ್ಡಿನಲ್ಲಿ ರೋಗಿಗೆ ಊಟ ಬರುತ್ತದೆ, ಮಂಚದ ಪಕ್ಕ ನೆಲದ ಮೇಲೆ ಮಲಗುವ ಮನೆಯವರಿಗೆ ಬರುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಬಸ್ ಚಾರ್ಜಿಗೆ ಒದ್ದಾಡುವವರಿದ್ದಾರೆ. ಕೊಡುವಾಗ ವಾರ್ಡಿನ ಸೋಶಿಯಲ್ ವರ್ಕರ್ ಮೂಲಕ ಕೊಟ್ಟರೆ ಕೊಟ್ಟವರಾರೆಂದು ರೋಗಿಗೆ ತಿಳಿಯುವುದಿಲ್ಲ, ನಮ್ಮ ಮುಂದೆ ಕೈಮುಗಿದು ನಿಲ್ಲುವ ಸಂಕಟವೂ ಅವರಿಗಿಲ್ಲ.

ಪ್ರಾರ್ಥನೆಗೆ ಹೊತ್ತೇ ಸಿಗುವುದಿಲ್ಲ ಎನ್ನುವವರ ಕೈಯಲ್ಲೇ ಹೊತ್ತಿದೆ. ಕೈ ಶುದ್ಧಿಯ ದ್ರವ, ಹ್ಯಾಂಡ್ ರಬ್, ಸರಿಯಾಗಿ ಉಜ್ಜಲು 20ರಿಂದ 30 ಸೆಕೆಂಡ್ ಬೇಕು. “ಪರಲೋಕದಲ್ಲಿರುವ ನಮ್ಮ ತಂದೆಯೇ” ಪ್ರಾರ್ಥನೆಯನ್ನು ಅವಸರವಿಲ್ಲದೆ ಹೇಳಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಅಷ್ಟರಲ್ಲಿ ಆಮೆನ್. ಮುಂದಿನ ಬೆಡ್‌ನವರ ಹೆಸರು ಅದರೊಳಗೇ ಸೇರಿಸಿಕೊಳ್ಳಬಹುದು. ಆತುರಕ್ಕೆ ಐದು ಸೆಕೆಂಡಿನಲ್ಲಿ ಕೈ ಒರೆಸಿ ಮುಂದೆ ಹೋಗುವ ಕೆಟ್ಟ ಅಭ್ಯಾಸವೂ ಇದರಿಂದ ತಪ್ಪುತ್ತದೆ.

ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ಏನೂ ತಿನ್ನಬಾರದು ಎಂಬ ನಿಯಮದಲ್ಲೂ ಗೊಂದಲವಿದೆ. ಆ ಗಂಟೆ ಎಣಿಸುವುದು ಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ, ಪೂಜೆ ಶುರುವಾಗುವ ಹೊತ್ತಿನಿಂದಲ್ಲ. ನೀರು, ಔಷಧಿ ಲೆಕ್ಕಕ್ಕಿಲ್ಲ. ವೃದ್ಧರಿಗೆ, ರೋಗಿಗಳಿಗೆ ಇರುವ ವಿನಾಯಿತಿ ಅವರನ್ನು ನೋಡಿಕೊಳ್ಳುವವರಿಗೂ ಇದೆ. ನೈಟ್ ಮುಗಿಸಿ ಒಂದು ಬಿಸ್ಕತ್ತು ತಿಂದೆನೆಂದು ಚಾಪೆಲ್ ಬಾಗಿಲಿನಿಂದ ಹಿಂದಿರುಗಬೇಕಿಲ್ಲ.

ಕೊನೆಗೆ ಡ್ಯೂಟಿ ಪಟ್ಟಿ. ಪವಿತ್ರ ಗುರುವಾರದ ಸಂಜೆ, ಶುಭ ಶುಕ್ರವಾರದ ಮಧ್ಯಾಹ್ನ, ಈಸ್ಟರ್ ಹಿಂದಿನ ಶನಿವಾರ ರಾತ್ರಿಯ ಪಾಸ್ಕ ಜಾಗರಣೆ, ಈ ಮೂರಕ್ಕೂ ಎಲ್ಲ ಕ್ರೈಸ್ತರೂ ರಜೆ ಕೇಳಿದರೆ ವಾರ್ಡ್ ನಡೆಯುವುದಿಲ್ಲ. ಒಬ್ಬರಿಗೆ ಮೂರರಲ್ಲಿ ಒಂದು ಎಂದು ಮೊದಲೇ ಹಂಚಿಕೊಳ್ಳಿ, ಪಟ್ಟಿ ಹಾಕುವ ಇನ್‌ಚಾರ್ಜ್ ಸಿಸ್ಟರ್‌ಗೆ ಹಿಂದಿನ ತಿಂಗಳ 20ರೊಳಗೆ ಬರೆದು ಕೊಡಿ. ಹಿಂದೂ, ಮುಸ್ಲಿಂ ಸಹೋದ್ಯೋಗಿಗಳು ನಮಗಾಗಿ ನಿಲ್ಲುತ್ತಾರೆ. ಯುಗಾದಿಗೆ, ರಂಜಾನ್ ಹಬ್ಬಕ್ಕೆ ನಾವು ನಿಂತಿದ್ದರೆ ಕೇಳಲು ಬಾಯಿ ಬರುತ್ತದೆ. ಈಸ್ಟರ್ ಭಾನುವಾರ ಬೆಳಗಿನ ಡ್ಯೂಟಿಗೆ ಬರುವವರು 15 ನಿಮಿಷ ಮುಂಚೆ ಬಂದು ಹ್ಯಾಂಡೋವರ್ ತೆಗೆದುಕೊಳ್ಳಿ. ನೈಟ್ ಮಾಡಿದವರಿಗೆ ಯೂನಿಫಾರ್ಮ್ ಬದಲಿಸಿ ಬೆಳಗಿನ ಪೂಜೆ ಹಿಡಿಯಲು ಆ 15 ನಿಮಿಷವೇ ಬೇಕು.