ಹೋದಲಿಲ್ಲ

"ಹಾಗಾದ್ರೆ ನಿಮಗೂ ಗೊತ್ತಿಲ್ಲ ಅನ್ನಿ ಮೇಷ್ಟ್ರೇ."

ಸೋಮವಾರ ಸಂಜೆಯಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದವರಿಗೆ ಅರವತ್ತು ದಾಟಿದೆ. ಮೊಮ್ಮಗಳ ಹೋಂವರ್ಕ್ ನೋಡಿಕೊಡೋಕೆ ಇಂಗ್ಲಿಷ್ ಬೇಕು ಅಂತ ಕ್ಲಾಸಿಗೆ ಬರುತ್ತಾರೆ. ಮಾತಿನಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ಜಾಸ್ತಿ ತಾಗಿತು.

ಆವತ್ತು ಹೊಸ ಪಾಠ ಇರಲಿಲ್ಲ. ಕಲಿತದ್ದನ್ನೆಲ್ಲ ಇನ್ನೊಮ್ಮೆ ತಿರುವಿ ಹಾಕೋಣ ಅಂತ ಕೂತಿದ್ದೆವು. ಬೋರ್ಡ್ ಮೇಲೆ 'ಹೀ ವೆಂಟ್' ಅಂತ ಬರೆದು, ಇದನ್ನ 'ಇಲ್ಲ' ಮಾಡಿ ಅಂದೆ. ಅಮ್ಮ ಎದ್ದು ಬಂದರು. ಚಾಕ್‌ಪೀಸ್ ಒತ್ತಿ ಹಿಡಿದು, ದುಂಡಗೆ ಬರೆದರು: 'ಹೀ ಡಿಡ್ ನಾಟ್ ವೆಂಟ್.' ನಾನು 'ವೆಂಟ್' ಹೊಡೆದು ಹಾಕಿ 'ಗೋ' ಮಾಡಿದೆ.

"ನಿನ್ನೆ ಆಗಿದ್ದು ತಾನೇ? ಮತ್ತೆ 'ಗೋ' ಯಾಕೆ?"

"ಡಿಡ್ ಬಂದ್ರೆ ಗೋ ಅಮ್ಮ. ರೂಲ್ ಹಾಗೇ ಇದೆ."

ಆಗ ಬಂತು ಆ ಮಾತು.

ಹಿಂದಿನ ಬೆಂಚಿನ ಹುಡುಗ, "ಬಾಯಿಪಾಠ ಮಾಡ್ಕೊಳ್ಳಿ ಆಂಟಿ, ಯಾಕೆ ಅಂತ ಕೇಳಬಾರದು" ಅಂದ. ಒಳ್ಳೆ ಹುಡುಗನೇ. ಆದರೆ ಹನ್ನೆರಡು ಟೆನ್ಸ್‌ಗಳ ಹೆಸರನ್ನೂ ಸಾಲಾಗಿ ಒಪ್ಪಿಸುವ ಇವನು, ಬೆಳಗ್ಗೆಯಿಂದ ಏನು ಮಾಡಿದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಮೇಲೆ ಫ್ಯಾನ್ ನೋಡುತ್ತಾನೆ. ನಗೋಕೆ ನನಗೇನೂ ಹಕ್ಕಿಲ್ಲ. ನಾನೂ ಅದೇ ತಳಿ. ನನಗೆ ವ್ಯಾಕರಣ ಹೇಳಿದವರಿಗೆ 'ಯಾಕೆ' ಅಂದರೆ ಸಿಟ್ಟು ಬರುತ್ತಿತ್ತು. ಐವತ್ತು ಸಲ ಬರೆಸುತ್ತಿದ್ದರು. ಬರೆದೂ ಬರೆದೂ 'ಡಿಡ್ ವೆಂಟ್' ಕಿವಿಗೆ ಕೆಟ್ಟದಾಗಿ ಕೇಳಿಸೋಕೆ ಶುರುವಾಯಿತು. ಅದನ್ನೇ ತಿಳಿವಳಿಕೆ ಅಂದುಕೊಂಡು ಇಷ್ಟು ವರ್ಷ ಪಾಠ ಮಾಡಿದ್ದೇನೆ.

ರಾತ್ರಿ ಗೆಳೆಯನ ಫೋನು ಬಂತು. ಏನೋ ಕೇಳಿದ. "ಇಲ್ಲ ಮಾರಾಯ, ನಾನು ಹೋಗಲಿಲ್ಲ" ಅಂದೆ. ಅಂದವನು ಅಲ್ಲೇ ನಿಂತೆ. ಅವನು ಹಲೋ ಹಲೋ ಅಂತಲೇ ಇದ್ದ.

ಹೋಗಲಿಲ್ಲ. ಹೋದಲಿಲ್ಲ ಅಲ್ಲ!

ನೋಡಿ: ಹೋದೆ, ಹೋದಳು, ಹೋದರು. ಆಗಿಹೋದ ಕಾಲ ಇರೋದು ಆ 'ದ'ದಲ್ಲಿ. ಇದನ್ನ 'ಇಲ್ಲ' ಮಾಡಿದ ತಕ್ಷಣ ಆ 'ದ' ಮಾಯ. ಉಳಿಯೋದು ಬರೀ 'ಹೋಗು'. ಹಾಗಂತ ಕಾಲ ಕಳೆದುಹೋಗಿಲ್ಲ, ಬಾಲಕ್ಕೆ ಹೋಗಿದೆ. 'ಹೋಗಲಿಲ್ಲ' ಅಂದರೆ ನಿನ್ನೆಯದು, 'ಹೋಗುವುದಿಲ್ಲ' ಅಂದರೆ ಇವತ್ತು ನಾಳೆಯದು. ಎರಡರಲ್ಲೂ 'ಹೋಗು' ಹೋಗು ಆಗಿಯೇ ಇದೆ. 'ಡಿಡಂಟ್ ಗೋ', 'ಡಸಂಟ್ ಗೋ' ಕೂಡ ಇದೇ ತಾನೇ? 'ಹೀ ಗೋಸ್' ಅನ್ನೋದರ ಬಾಲದ ಎಸ್ ಹಾರಿ 'ಡಸ್'ಗೆ ಅಂಟಿಕೊಳ್ಳೋದೂ ಇದಕ್ಕೇ. ಒಂದು ಹೊರೆಗೆ ಒಬ್ಬ ಆಳು ಸಾಕು. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋದವರು ಯಾರು ಅನ್ನೋದನ್ನೂ ಬಿಟ್ಟುಬಿಡುತ್ತೆ. ನಾನು, ಅವಳು, ಅವರು, ಎಲ್ಲರಿಗೂ ಒಂದೇ 'ಹೋಗಲಿಲ್ಲ'.

ಮಾತು ಕಲಿತಾಗಿನಿಂದ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ. ಇಂಗ್ಲಿಷಿಗೆ ಮಾತ್ರ ಏನೋ ವಿಚಿತ್ರ ಕಾಯಿಲೆ ಇದೆ ಅನ್ನೋ ಹಾಗೆ ಪಾಠ ಮಾಡುತ್ತಿದ್ದೆ. ಕನ್ನಡವನ್ನ ಕ್ಲಾಸಿನ ಬಾಗಿಲಲ್ಲೇ ಬಿಟ್ಟು ಬನ್ನಿ ಅನ್ನುವವರಲ್ಲಿ ನಾನೂ ಒಬ್ಬ. ಅವರು ಬಿಟ್ಟು ಬಂದಿದ್ದೇ ಉತ್ತರ ಅಂತ ಆ ರಾತ್ರಿ ಅನ್ನಿಸಿತು.

ಇಂಗ್ಲಿಷಿನ ಹಳೇ ಕಥೆಯಲ್ಲಿ ಅಮ್ಮನ ಪರವಾಗಿ ಇನ್ನೊಂದು ಸಾಕ್ಷಿಯೂ ಇದೆ. ಶೇಕ್ಸ್‌ಪಿಯರ್ ಕಾಲದಲ್ಲಿ, ಅಂದರೆ 1600ರ ಆಸುಪಾಸಿನಲ್ಲಿ, 'ವೆಂಟ್ ನಾಟ್' ಅಂತಲೂ ಹೇಳುತ್ತಿದ್ದರು. ಈ 'ಡೂ', 'ಡಿಡ್' ಅಲ್ಲೆಲ್ಲ ಪೂರ್ತಿ ತಳವೂರಿದ್ದು ಆಮೇಲೆ. ಅಷ್ಟೇ ಯಾಕೆ, 'ವೆಂಟ್' ಅನ್ನೋದೂ 'ಗೋ'ನ ಸ್ವಂತ ಮಗು ಅಲ್ಲ. 'ವೆಂಡ್' ಅಂತ ಬೇರೊಂದು ಕ್ರಿಯಾಪದ ಇತ್ತು, ಅದರಿಂದ ಎತ್ತಿಕೊಂಡಿದ್ದು.

ಬುಧವಾರ ಕ್ಲಾಸಿಗೆ ಹೋದವನೇ ಬೋರ್ಡ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ಅವನು ಹೋದಲಿಲ್ಲ' ಅಂತ ಬರೆದೆ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿದರು. "ಓ… ನಾನು ಬರೆದಿದ್ದು ಅವರಿಗೆ ಹೀಗೆ ಕೇಳಿಸುತ್ತಾ?" ಅಂದರು. ನಾನು ಎರಡು ದಿನದಿಂದ ಜೋಡಿಸಿಕೊಂಡಿದ್ದ ವಿವರಣೆ ಅರ್ಧಕ್ಕರ್ಧ ದಂಡವಾಯಿತು.

ಆಮೇಲೆ ಸುಮ್ನೆ ಬಿಡಬೇಕಲ್ವಾ? ಬಿಡಲಿಲ್ಲ. "ಯೂ ಅಂದ್ರೆ ಒಬ್ಬರೇ ಇದ್ರೂ 'ಆರ್' ಯಾಕೆ? 'ಇಸ್' ಅಲ್ವಾ ಬರಬೇಕು?"

ಈ ಸಲ ರೂಲ್ ಅನ್ನಲಿಲ್ಲ. "ನನ್ನ ಜೊತೆ ಮಾತಾಡುವಾಗ ಏನಂತೀರಿ ಅಮ್ಮ?"

"ನೀವು ಇದ್ದೀರಿ ಅಂತೀನಿ."

"ನಾನು ಎಷ್ಟು ಜನ?"

ಈಗ ನಕ್ಕರು. ಇಂಗ್ಲಿಷಿನಲ್ಲೂ 'ನೀನು' ಅನ್ನೋಕೆ 'ದೌ' ಅಂತ ಇತ್ತು, 'ಯೂ' ಮೊದಲು ಹಲವರಿಗೆ, ಆಮೇಲೆ ಮರ್ಯಾದೆಗೆ ಬಂದದ್ದು, ಬರ್ತಾ ಬರ್ತಾ ದಿನದ ಮಾತಿನಿಂದ 'ನೀನು' ಉದುರಿ 'ನೀವು' ಒಂದೇ ಉಳಿಯಿತು ಅಂತ ಹೇಳಿದೆ.

"ಹಾಗಾದ್ರೆ ಮೊಮ್ಮಗಳಿಗೂ ನೀವು ಅನ್ನಬೇಕಾ?" ಅಂತ ಗಾಬರಿಯಾದರು.

ಕ್ಲಾಸ್ ಮುಗಿದ ಮೇಲೆ ನೋಟ್‌ಬುಕ್ ತಿದ್ದೋಕೆ ಕೂತೆ. ಅಮ್ಮನದು ಹತ್ತರಲ್ಲಿ ಎಂಟು ಸರಿ. ಒಂದು ಕಡೆ 'ಷೀ ಡಿಡ್ ನಾಟ್ ಕೇಮ್' ಅಂತ ಬರೆದು, ತಾವೇ ಗೀಟು ಹಾಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದರು: ಬಂದಲಿಲ್ಲ.