ಮೂರನೇ ಸಲ ಬಿಚ್ಚಿದ ವಾಷಿಂಗ್ ಮಷೀನು: ತಪ್ಪು ಬೇರಿಂಗಿನದಲ್ಲ, ಬಟ್ಟೆ ಪುಡಿಯದು

ಸಿಕ್ಕಿತು! ಆರು ತಿಂಗಳಿಂದ ಕಾಡುತ್ತಿದ್ದ ಆ ಗರಗರ ಸದ್ದಿನ ಮೂಲ ಕೊನೆಗೂ ಕಣ್ಣಿಗೆ ಬಿತ್ತು. ಒಂದು ಭಾನುವಾರ ಮಧ್ಯಾಹ್ನ, ತಾರಸಿ ಮೇಲೆ, ಎರಡು ಸಲ ಊಟಕ್ಕೆ ಕರೆದರೂ ಏಳದೆ ಕೂತಿದ್ದಾಗ. ಇದನ್ನು ಬರೆದಿಡದೆ ಇವತ್ತು ನಿದ್ದೆ ಬರುವುದಿಲ್ಲ.

ಇದು ನಮ್ಮ ಮನೆಯದೇ ವಾಷಿಂಗ್ ಮಷೀನು, 7 ಕೆಜಿ ಫ್ರಂಟ್ ಲೋಡ್, ಅಂದರೆ ಮುಂದೆ ಬಾಗಿಲಿರುವುದು. ಜನವರಿಯಲ್ಲಿ ಸ್ಪಿನ್ ಹೊತ್ತಿಗೆ ವಿಮಾನ ಏಳುವ ಹಾಗೆ ಸದ್ದು ಶುರುವಾಯಿತು. ಟಬ್ (ಡ್ರಮ್ಮಿನ ಸುತ್ತ ನೀರು ಹಿಡಿಯುವ ಪ್ಲಾಸ್ಟಿಕ್ ತೊಟ್ಟಿ) ಇಳಿಸಿ, ಡ್ರಮ್ಮಿನ ಶಾಫ್ಟ್ ತಿರುಗುವ ಬೇರಿಂಗ್ ಬದಲಿಸಿದೆ. ಮೇ ತಿಂಗಳಲ್ಲಿ ಮತ್ತೆ ಅದೇ ಸದ್ದು. ಮತ್ತೆ ಬದಲಿಸಿದೆ. ಈ ಸಲ ಆರೇ ವಾರಕ್ಕೆ ಹಿಂದಿನ ಬದಿಯಲ್ಲಿ ಕಂದು ಗೆರೆ ಕಾಣಿಸಿಕೊಂಡಿತು. ತುಕ್ಕು ನೀರು ಇಳಿದ ಗುರುತು. ಅದನ್ನು ನೋಡಿದಾಗ ಎದೆ ಧಸಕ್ ಅಂದಿತು. ಎರಡೂ ಸಲ 6205, 6206 ನಂಬರಿನ ಬೇರಿಂಗ್ ಜೋಡಿ, ಎರಡೂ ಸಲ ರಬ್ಬರ್ ಸೀಲ್ ಇರುವವೇ. ಬೇರಿಂಗಿಗೆ ನೀರು ಹೋಗದ ಹಾಗೆ ತಡೆಯುವ ಆಯಿಲ್ ಸೀಲ್ ಹೊಸದು, ನೀರಿಗೆ ಕರಗದ ಗ್ರೀಸು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ.

ಬಿಚ್ಚುವ ಕತೆ ಬೇಡ, ಮಷೀನು ರಿಪೇರಿ ಮಾಡುವ ನಿಮಗೆಲ್ಲ ಗೊತ್ತಿರುವುದೇ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ನನ್ನದು ಎರಡು ಹೋಳನ್ನು ಸೇರಿಸಿ ವೆಲ್ಡ್ ಮಾಡಿರುವ ಟಬ್. ಅಂಥದ್ದು ನಿಮ್ಮ ಕೈಗೆ ಸಿಕ್ಕಿದರೆ ಗರಗಸ ಮುಟ್ಟುವ ಮೊದಲೇ ಅಂಚಿನ ಸುತ್ತ ಸ್ಕ್ರೂ ತೂತು ಕೊರೆದುಕೊಳ್ಳಿ. ಕೊಯ್ದ ಮೇಲೆ ಕೊರೆದರೆ ಎರಡು ಹೋಳು ಜೀವಮಾನದಲ್ಲಿ ಸರಿಯಾಗಿ ಕೂರುವುದಿಲ್ಲ. ಸಂದಿಗೆ ಹಚ್ಚುವ ಸಿಲಿಕಾನ್ ಅಂಟು ಆ ಪ್ಲಾಸ್ಟಿಕ್‌ಗೆ ಚೆನ್ನಾಗಿ ಅಂಟುವುದೂ ಇಲ್ಲ. ನೀರು ತಡೆಯುವುದು ಸ್ಕ್ರೂಗಳ ಬಿಗಿ, ಸಿಲಿಕಾನ್ ನಡುವೆ ವಾಷರ್ ಇದ್ದ ಹಾಗೆ ಅಷ್ಟೆ. ಒಂದು ದಿನ ಪೂರ್ತಿ ಒಣಗಲು ಬಿಡಿ.

ಮೊದಲ ಸಲ ಬೇರಿಂಗ್ ಹಾಳಾದಾಗ ನನ್ನ ಅನುಮಾನವೆಲ್ಲ ಅಂಗಡಿಯವರ ಮೇಲೆ. ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ತಂದಿದ್ದೆ. ಡಬ್ಬಿ ಮೇಲಿನ ಅಕ್ಷರ ಒಂದು ಥರ, ಬೇರಿಂಗ್ ಮೇಲಿನ ಅಕ್ಷರ ಇನ್ನೊಂದು ಥರ. ಉಗುರಲ್ಲಿ ಕೆರೆದರೆ ಗುರುತು ಮಾಸುತ್ತಿತ್ತು. "ಒರಿಜಿನಲ್ಲೇ ಮೇಡಂ, ಬಿಲ್ ಬೇಕಂದ್ರೆ ರೇಟ್ ಬೇರೆ" ಅಂದಿದ್ದರು. ಹಾಗೆ ಅಂದಾಗಲೇ ನಾನು ಎದ್ದು ಬರಬೇಕಿತ್ತು. ಎರಡನೇ ಸಲ ಬಿಲ್ ಸಮೇತ ಬೇರೆ ಕಡೆ ಕೊಂಡೆ. ಅದೂ ಹೋಯಿತಲ್ಲ! ಆಗ ಗೊತ್ತಾಯಿತು, ನಕಲಿ ಬೇರಿಂಗ್ ಇದ್ದದ್ದು ನಿಜ, ಆದರೆ ರೋಗ ಅದಲ್ಲ.

ಮೂರನೇ ಸಲ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ. ಬಟ್ಟೆ ಇಲ್ಲ, ಪುಡಿ ಇಲ್ಲ, ಖಾಲಿ ಡ್ರಮ್ಮಿಗೆ 60 ಡಿಗ್ರಿ ಬಿಸಿನೀರಿನ ಒಗೆತ ಹಾಕಿ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತೆ. ಇಪ್ಪತ್ತು ನಿಮಿಷಕ್ಕೆ ನೊರೆ ಬಂತು. ಅರ್ಧ ಗಾಜು ಮುಚ್ಚುವಷ್ಟು! ಒಂದು ಚಮಚ ಪುಡಿಯನ್ನೂ ಹಾಕಿರಲಿಲ್ಲ. ಆ ನೊರೆ ಎಲ್ಲಿಂದ ಬಂತು? ಹಳೆಯ ಒಗೆತಗಳದ್ದು, ಒಳಗೆ ಎಲ್ಲೋ ಮೆತ್ತಿಕೊಂಡಿದ್ದದ್ದು. ನಾಲ್ಕು ಸಲ ಹಾಗೆಯೇ ಓಡಿಸಿದೆ. ನಾಲ್ಕನೇ ಸಲಕ್ಕೆ ನೀರು ಸುಮಾರಾಗಿ ತಿಳಿಯಾಯಿತು. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಬೂದು ಬಣ್ಣದ ಹಕ್ಕಳೆಗಳು ಬಂದು ಕೂತಿದ್ದವು.

ಟಬ್ ಬಿಚ್ಚಿ ಡ್ರಮ್ಮನ್ನು ಬೋರಲು ಹಾಕಿದೆ. ಹಿಂದಿನ ಎರಡು ಸಲವೂ ಡ್ರಮ್ಮನ್ನು ಪಕ್ಕಕ್ಕಿಟ್ಟು ಬೇರಿಂಗಿನ ಮನೆಯನ್ನಷ್ಟೇ ನೋಡಿದ್ದೆ. ಈ ಸಲ ನೋಡಿದ್ದು ಡ್ರಮ್ಮಿನ ಬೆನ್ನನ್ನು. ಅಲ್ಲಿ ಮೂರು ತೋಳಿನ ಅಲ್ಯೂಮಿನಿಯಂ ಸ್ಪೈಡರ್ ಇರುತ್ತದೆ, ಕೆಲವು ಅಂಗಡಿಯವರು ಟ್ರೈಪಾಡ್ ಅಂತಾರೆ. ಇಡೀ ಡ್ರಮ್ಮಿನ ಭಾರ ಹೊರುವುದು ಅದೇ. ನನ್ನದರ ಮೂರು ತೋಳುಗಳ ಗೂಡುಗಳಲ್ಲೂ ಬೂದು ಮುದ್ದೆ, ಒಂದು ಬೆರಳು ದಪ್ಪ. ಹಿಡಿದರೆ ಹಳಸಿದ ಹಿಟ್ಟಿನ ಹಾಗೆ ಜಿಗುಟು, ವಾಸನೆ ಹೇಳತೀರದು. ಹಳೆ ಚಮಚದಲ್ಲಿ ಕೆರೆದು ತೆಗೆದೆ. ಅಡಿಯಲ್ಲಿ ಲೋಹವೇ ಇಲ್ಲ ಅನ್ನಬೇಕು! ಗೆದ್ದಲು ತಿಂದ ತೊಲೆಯ ಹಾಗೆ ತೂತು ತೂತು. ಒಂದು ತೋಳಿಗೆ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಬಿಳಿ ಪುಡಿ ಉದುರಿ ತುದಿ ಒಳಗೇ ಇಳಿಯಿತು. ತೋಳು ನಡುವಿನ ಗುಂಬಕ್ಕೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಶಾಫ್ಟ್ ಹಿಡಿದು ಅಲುಗಿಸಿದರೆ ಬಿರುಕು ಬಾಯಿ ಬಿಡುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು.

ಇನ್ನೊಂದು ವಿಷಯ. ಶಾಫ್ಟಿನ ಬುಡದಲ್ಲಿ ಆಯಿಲ್ ಸೀಲ್ ತುಟಿ ಕೂರುವ ಹಿತ್ತಾಳೆ ಬುಷ್ (ಬಳೆ) ಇದೆಯಲ್ಲ, ಅದರ ಮೇಲೆ ಹೆಬ್ಬೆರಳ ಉಗುರು ಎಳೆದೆ. ಟಕ್ ಅಂತ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಗೆರೆ, ಉಗುರಿಗೆ ಮಾತ್ರ ಗೊತ್ತಾಗುತ್ತದೆ. ಅಂಥ ಗೆರೆ ಇದ್ದರೆ ಎಂಥ ಹೊಸ ಸೀಲ್ ಹಾಕಿದರೂ ನೀರು ನುಸುಳಿಯೇ ನುಸುಳುತ್ತದೆ. ನಾನು ಎರಡು ಸಲ ಹೊಸ ಬೇರಿಂಗ್ ಹಾಕಿದ್ದು ಬಿರುಕು ಬಿಟ್ಟ ತೋಳಿನ ಮುಂದೆ, ಸೋರುವ ಸೀಲಿನ ಹಿಂದೆ. ಅದು ಉಳಿಯುವುದಾದರೂ ಹೇಗೆ?

ತೋಳು ಕರಗಿದ್ದು ಯಾಕೆ ಅನ್ನುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೇವೆ. ಅಲ್ಯೂಮಿನಿಯಂ ಪಾತ್ರೆಯನ್ನು ಒಗೆಯುವ ಸೋಡಾದಲ್ಲಿ ನೆನೆಸಿಟ್ಟರೆ ಕಪ್ಪಾಗುತ್ತದೆ ಅಲ್ವಾ? ಅದೇ ಇಲ್ಲಿ ಆಗುವುದು. ಬಟ್ಟೆ ಪುಡಿಯಲ್ಲಿ ಸೋಡಾ ಇರುತ್ತದೆ, ಅದು ಕ್ಷಾರ. ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಕಟ್ಟಿಕೊಳ್ಳುವ ತೆಳು ಪದರವನ್ನು ಕ್ಷಾರ ಕರಗಿಸುತ್ತದೆ. ಜೊತೆಗೆ ಸ್ಪೈಡರ್ ಅಂಟಿಕೊಂಡಿರುವುದು ಸ್ಟೀಲ್ ಡ್ರಮ್ಮಿಗೆ. ಎರಡು ಬೇರೆ ಲೋಹ, ನಡುವೆ ಉಪ್ಪಿನ ನೀರು, ಅಂದರೆ ಬ್ಯಾಟರಿ. ಅದರಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಮುರಿದ ತೋಳಿನ ಚೂರೊಂದನ್ನು ಉಜ್ಜಿ, ಗಾಜಿನ ಲೋಟದಲ್ಲಿ ಬಿಸಿ ಸೋಡಾ ನೀರಿಗೆ ಹಾಕಿಟ್ಟೆ. ಸ್ವಲ್ಪ ಹೊತ್ತಿಗೇ ಮೈತುಂಬ ಸಣ್ಣ ಗುಳ್ಳೆ, ಬೆಳಗಾಗುವಷ್ಟರಲ್ಲಿ ಚೂರು ಮಸಿಬಣ್ಣ.

ಒಗೆತದ ಹೊತ್ತಿನಲ್ಲಿ ಆಗುವ ಸವೆತ ದೊಡ್ಡದಲ್ಲ. ಮುದ್ದೆ ಅಲ್ಲೇ ಕೂತು ದಿನವಿಡೀ ಒದ್ದೆಯಾಗಿದ್ದಾಗ ಆಗುವುದೇ ದೊಡ್ಡದು. ನಾವು ಒಗೆದ ಕೂಡಲೇ ಬಾಗಿಲು ಮುಚ್ಚುತ್ತಿದ್ದೆವು, ಮಗು ಕೈ ಹಾಕೀತು ಅಂತ. ವರ್ಷಪೂರ್ತಿ ತಣ್ಣೀರಿನ 15 ನಿಮಿಷದ ಒಗೆತವನ್ನೇ ಓಡಿಸುತ್ತಿದ್ದೆವು. ಅಷ್ಟು ಹೊತ್ತಿನಲ್ಲಿ ತಣ್ಣೀರಿಗೆ ಪುಡಿ ಪೂರ್ತಿ ಕರಗುವುದೂ ಇಲ್ಲ, ತೊಳೆದು ಹೋಗುವುದೂ ಇಲ್ಲ. ಪುಡಿಯೂ ಬಕೆಟ್ಟಿನಲ್ಲಿ ನೆನೆಹಾಕಿ ಕೈಯಲ್ಲಿ ಒಗೆಯುವಂಥದ್ದು, ನೊರೆ ಜಾಸ್ತಿ ಬರುವಂಥದ್ದು. ನೊರೆ ಮಷೀನಿಗೆ ಶತ್ರು. ಬಟ್ಟೆ ಎತ್ತರದಿಂದ ಬಿದ್ದು ಬಡಿದುಕೊಳ್ಳಬೇಕು, ನೊರೆ ಅದಕ್ಕೆ ಹಾಸಿಗೆ ಹಾಸಿಬಿಡುತ್ತದೆ. ಪಂಪು ನೀರಿನ ಬದಲು ಗಾಳಿ ಕುಡಿಯುತ್ತದೆ. ನೀರು ಇಳಿದರೂ ನೊರೆ ಡ್ರಮ್ಮಿನ ಬೆನ್ನಿಗೆ ಅಂಟಿಕೊಂಡು ಉಳಿಯುತ್ತದೆ.

ಎಷ್ಟು ಪುಡಿ ಹಾಕುತ್ತಿದ್ದೆವು ಅಂತ ತೂಗಿ ನೋಡಿದೆ. ನಮ್ಮ ಮನೆಯಲ್ಲಿ ಒಗೆತ ಅತ್ತೆಯ ಕೈಯಲ್ಲಿ. ಅವರು ಹಾಕುವ ಬಟ್ಟಲು ತುಂಬ ಅಂದರೆ 110 ಗ್ರಾಂ. "ನೊರೆ ಬರದಿದ್ದರೆ ಕೊಳೆ ಹೋಗುತ್ತಾ?" ಅಂದರು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ, ಅದರ ಹಿಂದೆ ಒಂದು ಜೀವನವೇ ಇದೆ. ಅತ್ತೆಯ ತವರು ಸಕಲೇಶಪುರ. ಹೇಮಾವತಿ ದಂಡೆಯ ಕಲ್ಲಿನ ಮೇಲೆ ಒಗೆದವರು. ಅಲ್ಲಿನ ಮೆದು ನೀರಿಗೆ ಸೋಪು ಒಂದು ಸಲ ತೀಡಿದರೆ ಕೈತುಂಬ ನೊರೆ. ಮದುವೆಯಾಗಿ ಇಲ್ಲಿಗೆ ಬಂದರೆ ಬೋರ್‌ವೆಲ್ ನೀರು, ಎಷ್ಟು ತಿಕ್ಕಿದರೂ ನೊರೆ ಇಲ್ಲ. ಅಂದಿನಿಂದ ಅಳತೆ ಏರುತ್ತಲೇ ಹೋಗಿದೆ.

ಅದಕ್ಕೆ ನೀರನ್ನೇ ಅಳೆದೆ. ಹನಿ ಹಾಕಿ ಎಣಿಸುವ ಗಡಸುತನದ ಕಿಟ್, ಒಂದು ಹನಿಗೆ 20 ಲೆಕ್ಕ. ಕೆಂಪು ಬಣ್ಣ ನೀಲಿಗೆ ತಿರುಗಲು ಬೋರ್ ನೀರಿಗೆ 28 ಹನಿ ಬೇಕಾಯಿತು. ಅಂದರೆ ಲೀಟರಿಗೆ 560 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಒಪ್ಪುವ ಮಿತಿ 200. ನಗರದ ನಲ್ಲಿ ನೀರಿಗೆ ಐದೇ ಹನಿ! ತುಮಕೂರಿನ ನಲ್ಲಿಗೆ ಬರುವುದು ಕಾಲುವೆಯಲ್ಲಿ ಬುಗುಡನಹಳ್ಳಿ ಕೆರೆಗೆ ಹರಿದು ಬಂದ ಹೇಮಾವತಿ. "ನಿಮ್ಮ ತವರಿನ ನೀರೇ ಅತ್ತೆ" ಅಂದೆ. ಅವರು ಬಂದು ತಾವೇ ಹನಿ ಎಣಿಸಿದರು. ಆ ನಲ್ಲಿ ದಿನಾ ಬರುವುದಿಲ್ಲ, ಬಾರದ ದಿನ ಬೋರೇ ಗತಿ. ದಯವಿಟ್ಟು ಟಿಡಿಎಸ್ ಮೀಟರ್ ತೋರಿಸಿ ಗಡಸುತನ ಹೇಳುವವರನ್ನು ನಂಬಬೇಡಿ, ಅದು ಕರಗಿದ ಉಪ್ಪನ್ನೆಲ್ಲ ಒಟ್ಟಿಗೆ ಅಳೆಯುತ್ತದೆ.

ಇಲ್ಲೇ ಒಂದು ಸಿಟ್ಟು ಹೇಳಿಕೊಳ್ಳಬೇಕು. ಕಳೆದ ವರ್ಷ ನಲ್ಲಿಗೆ ಸಿಕ್ಕಿಸುವ ಕಾರ್ಟ್ರಿಜ್ ಒಂದನ್ನು ಮಾರಿದ್ದರು, ಬಿಳಿ ಹರಳು ತುಂಬಿದ್ದು. ಗಡಸು ನೀರು ಮೆದುವಾಗುತ್ತೆ ಅಂದಿದ್ದರು. ಅದರೊಳಗೆ ಹೋಗಿ ಬಂದ ನೀರಿಗೂ 28 ಹನಿಯೇ. ಆ ಹರಳು ಪಾಲಿಫಾಸ್ಫೇಟ್. ಹೀಟರಿಗೆ ಸುಣ್ಣ ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಅಷ್ಟು ಒಳ್ಳೆಯದೇ. ಆದರೆ ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ ಹೊರಗೆ ಹೋಗುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ರೆಸಿನ್ ಕಾಳು ಇರುವ, ಉಪ್ಪು ಹಾಕಿ ಮತ್ತೆ ಚೇತರಿಸುವ ಸಾಫ್ಟನರ್ರೇ ಬೇಕು. ಕಾರ್ಟ್ರಿಜ್ ಸುಣ್ಣ ಕಟ್ಟುವುದಕ್ಕೆ ಮಾತ್ರ ಅಂತ ಹೇಳಿ ಮಾರಿದರೆ ಯಾರಿಗೆ ನಷ್ಟ? ಗೊತ್ತಿಲ್ಲದ ಮನೆಯವರಿಗೆ ಸುಳ್ಳು ಹೇಳಬಾರದು.

ಸ್ಪೈಡರ್ ಹುಡುಕಿದ್ದು ಇನ್ನೊಂದು ಗೋಳು. "ಅದೊಂದೇ ಸಿಗಲ್ಲ ಮೇಡಂ, ಡ್ರಮ್ ಸೆಟ್ ತಗೊಳ್ಳಿ" ಅಂತ ಮೂರು ಕಡೆ. ಸೆಟ್ಟಿನ ಬೆಲೆಗೆ ಸೆಕೆಂಡ್‌ಹ್ಯಾಂಡ್ ಮಷೀನೇ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿದ್ದರ ಸ್ಕ್ರೂ ತೂತು 4 ಮಿಲಿಮೀಟರ್ ಆಚೆ. ವಾಪಸ್ ತಗೊಳ್ಳಲು ಹನ್ನೊಂದು ದಿನ ಸತಾಯಿಸಿದರು. ಕೊನೆಗೆ ಸಿಕ್ಕಿದ್ದು ನಮ್ಮ ಗುಜರಿ ಅಂಗಡಿಯಲ್ಲಿ. ಹುಡುಗ ಫೋನ್ ಮಾಡಿ, "ಅಕ್ಕಾ, ನಿಮ್ದೇ ಥರದ್ದು ಬಂದೈತೆ, ಬೋರ್ಡ್ ಸುಟ್ಟೋಗೈತೆ, ಬೇಗ ಬನ್ನಿ" ಅಂದ. ಸ್ಕೂಟರಿನಲ್ಲಿ ಹಾರಿಕೊಂಡೇ ಹೋದೆ. ಬೆನ್ನು ನೋಡಿದರೆ ತೋಳುಗಳು ಗಟ್ಟಿ, ಬುಷ್ ಮೇಲೆ ಉಗುರು ಜಾರುತ್ತದೆ. ಆ ಹುಡುಗನಿಗೆ ಕೇಳಿದ್ದಕ್ಕಿಂತ ನೂರು ಜಾಸ್ತಿ ಕೊಟ್ಟೆ, ಸಂತೋಷಕ್ಕೆ.

ಅಲ್ಲೇ ಮೂಲೆಯಲ್ಲಿ ಟಾಪ್ ಲೋಡ್ ಮಷೀನಿನ ಎರಡು ಸ್ಟೀಲ್ ಡ್ರಮ್ ಕಂಡವು. ಒಂದನ್ನು ತಂದಾಗಿದೆ! ಪಾವಗಡದ ಕಡೆ ನಮ್ಮ ಚಿಕ್ಕಪ್ಪ ಕಡಲೆಕಾಯಿ ಬೆಳೆಯುತ್ತಾರೆ, ಕಿತ್ತ ಕಾಯಿಯ ಮಣ್ಣು ತೊಳೆಯುವುದೇ ಅವರಿಗೆ ದೊಡ್ಡ ಕೆಲಸ. ಡ್ರಮ್ಮನ್ನು ಅಡ್ಡ ಮಲಗಿಸಿ, ನಡುವೆ ಪೈಪು ತೂರಿಸಿ, ಕೈಯಲ್ಲಿ ತಿರುಗಿಸುವ ಹಿಡಿ ಕೊಟ್ಟು, ಅರ್ಧ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ? ಅದರ ತೂತು ಕಾಯಿಗೆ ಹೇಳಿ ಮಾಡಿಸಿದ ಹಾಗಿದೆ, ಮಣ್ಣು ಹೋಗುತ್ತದೆ, ಕಾಯಿ ಉಳಿಯುತ್ತದೆ. ಬೇರಿಂಗಿನ ಬದಲು ಹಳೆ ಸೈಕಲ್ಲಿನ ಹಬ್ ಸಾಕಾ ಅಂತ ಯೋಚಿಸುತ್ತಿದ್ದೇನೆ. ಯಾರಾದರೂ ಮಾಡಿದ್ದರೆ ಹೇಳಿ.

ಅದಕ್ಕಿಂತ ಮೊದಲು ಒಗೆತಕ್ಕೆ ಮಳೆನೀರು ಹಿಡಿಯುವ ಯೋಚನೆ. ಅದಕ್ಕಿಂತ ಮೆದು ನೀರು ಇನ್ನೊಂದಿಲ್ಲ. ನಮ್ಮ ತಾರಸಿ ಸುಮಾರು 90 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಂದರೆ 900 ಲೀಟರ್, ಪೋಲಾದದ್ದು ಕಳೆದರೂ 700. ನನ್ನ ಮಷೀನು ಒಂದು ಒಗೆತಕ್ಕೆ 50 ಲೀಟರಿನಷ್ಟು ಕುಡಿಯುತ್ತದೆ. ಅಂದರೆ ಒಂದು ಒಳ್ಳೆ ಮಳೆಗೆ ಎರಡು ವಾರದ ಒಗೆತ! ತೊಡಕು ಒತ್ತಡದ್ದು. ಮಷೀನಿನ ಬೆನ್ನ ಮೇಲಿನ ಚೀಟಿ 0.03 ಎಂಪಿಎ (ಮೆಗಾಪಾಸ್ಕಲ್) ನೀರಿನ ಒತ್ತಡ ಕೇಳುತ್ತದೆ. ಅಷ್ಟಕ್ಕೆ ನೀರು 3 ಮೀಟರ್ ಮೇಲಿರಬೇಕು. ತಾರಸಿಯಿಂದ ಇಳಿದ ನೀರನ್ನು ಅಷ್ಟೆತ್ತರದಲ್ಲೇ ಹಿಡಿದಿಡುವುದು ಹೇಗೆ? ಮೆಟ್ಟಿಲ ಮೇಲಿನ ಕೋಣೆಯ ಸೂರಿನ ನೀರನ್ನಷ್ಟೇ ಹಿಡಿಯಲಾ ಅಂತ ನಕ್ಷೆ ಹಾಕುತ್ತಿದ್ದೇನೆ.

ಸರಿ, ಮಷೀನಿಗೆ ವಾಪಸ್. ಗುಜರಿಯ ಸ್ಪೈಡರನ್ನು ಉಜ್ಜಿ, ಒಣಗಿಸಿ, ಪ್ರೈಮರ್ ಹೊಡೆದು, ಎರಡು ಭಾಗ ಬೆರೆಸುವ ಎಪಾಕ್ಸಿ ಬಣ್ಣ ಎರಡು ಕೈ ಬಳಿದೆ. ಶಾಫ್ಟ್ ಮತ್ತು ಬುಷ್‌ಗೆ ಟೇಪು ಸುತ್ತಿದ್ದೆ. ಬಣ್ಣ ಎಷ್ಟು ದಿನ ನಿಲ್ಲುತ್ತದೋ, ಜನವರಿಯಲ್ಲಿ ಬಿಚ್ಚಿ ಫೋಟೊ ಹಾಕುತ್ತೇನೆ. ಹೊಸ ಬೇರಿಂಗ್ ಹೊರಬಳೆಗೆ ಮಾತ್ರ ಪೆಟ್ಟು ಬೀಳುವ ಹಾಗೆ ಹಳೆ ಬೇರಿಂಗನ್ನೇ ಅಡ್ಡ ಇಟ್ಟು ಕೂರಿಸಿದೆ. ಟಬ್ಬಿಗೆ 30 ಸ್ಕ್ರೂ.

ಎಲ್ಲ ಮುಗಿದ ಮೇಲೆ ಒಂದು ಸೋಮವಾರ ಸಂಜೆ ಖಾಲಿ ಸ್ಪಿನ್, ನಿಮಿಷಕ್ಕೆ 1000 ಸುತ್ತು. ಮೇಲೆ ಒಂದು ಲೋಟ ನೀರಿಟ್ಟೆ. ನೀರಿನ ಮೇಲೆ ಸಣ್ಣ ಉಂಗುರಗಳು ಎದ್ದವು, ಚೆಲ್ಲಲಿಲ್ಲ. ಸದ್ದು ಬರೀ ಗಾಳಿಯದ್ದು. ನಡುಮನೆಯಿಂದ ಮಗಳು "ಅಮ್ಮಾ, ಆನ್ ಆಗಿದೆಯಾ?" ಅಂತ ಕೂಗಿದಳು. ಗಂಟಲು ಕಟ್ಟಿ ಉತ್ತರವೇ ಬರಲಿಲ್ಲ.

ಆಮೇಲಿನ ಆರು ಒಗೆತದಲ್ಲಿ ಅಳತೆ ಇಳಿಸುತ್ತ ಬಂದೆ. ತುಂಬಿದ ಡ್ರಮ್ಮಿಗೆ, ಮಷೀನಿನ ಪುಡಿಯಲ್ಲಿ, ಬೋರ್ ನೀರಿಗೆ 60 ಗ್ರಾಂ, ನಲ್ಲಿ ನೀರಿಗೆ 35. ಕೊನೆಯ ಜಾಲಾಟದಲ್ಲಿ ಗಾಜಿನ ಮೇಲೆ ನೊರೆ ನಿಲ್ಲಬಾರದು, ಅದೇ ನನ್ನ ಗುರುತು. ಶರ್ಟಿನ ಕಾಲರು ಅಷ್ಟೇ ಬೆಳ್ಳಗಿದೆ, ಟವೆಲು ಮೊದಲಿಗಿಂತ ಮೆತ್ತಗಾಗಿದೆ. ತಿಂಗಳಿಗೊಂದು ಸಲ 60 ಡಿಗ್ರಿಯ ಖಾಲಿ ಒಗೆತ. ಬಾಗಿಲು ಪೂರ್ತಿ ಮುಚ್ಚದ ಹಾಗೆ ಹಳೆ ಸಾಕ್ಸ್ ಸಿಕ್ಕಿಸಿದ್ದೇನೆ, ಮಗು ಕೈ ಹಾಕದ ಹಾಗೆ ಹೊರಗಿನಿಂದ ಹಗ್ಗದ ಕುಣಿಕೆ.

ಅತ್ತೆ ಬಟ್ಟಲನ್ನು ಒಳಗಿಟ್ಟು, ಉಪ್ಪಿನಕಾಯಿಯ ಹಳೆ ಚಮಚ ತಂದಿದ್ದಾರೆ. ಇವತ್ತು ಬೆಳಿಗ್ಗೆ ಅದನ್ನು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದರು, "ಇವತ್ತು ಯಾವ ನೀರಮ್ಮ, ಬೋರೋ, ಹೊಳೆದೋ?"