ಒಪೆರಾದಲ್ಲೂ ‘ಒನ್ಸ್ ಮೋರ್’ ಇದೆ

ಒಪೆರಾ ಅಂದರೆ ಹಾಡಿನಲ್ಲೇ ಕಥೆ ನಡೆಸುವ ಯುರೋಪಿನ ಸಂಗೀತ ನಾಟಕ. ವಿಯೆನ್ನಾದ ಸ್ಟೇಟ್ ಒಪೆರಾ ಥಿಯೇಟರಿನಲ್ಲಿ ನಿಂತು ನೋಡುವವರಿಗೂ ಟಿಕೆಟ್ ಇದೆ. ಒಳ್ಳೆಯ ಸೀಟು ಬೇಕೆಂದರೆ 200 ಯೂರೋ ದಾಟುತ್ತದೆ. ನಿಲ್ಲುವವರಿಗೆ 20 ಯೂರೋದೊಳಗೆ ಮುಗಿಯುತ್ತದೆ. ನಿಲ್ಲುವ ಜಾಗ ಅಂದರೆ ಮೂಲೆಯಲ್ಲಲ್ಲ, ನೆಲಮಹಡಿಯಲ್ಲಿ ರಂಗಕ್ಕೆ ನೇರ ಎದುರಿಗೇ ಸಿಗುತ್ತದೆ. ಒಳಗೆ ಹೋದವರು ಮೊದಲು ಕಂಬಿಗೆ ಒಂದು ಸ್ಕಾರ್ಫ್ ಕಟ್ಟುತ್ತಾರೆ. ಕಟ್ಟಿದರೆ ಜಾಗ ನಿಮ್ಮದು, ಹೊರಗೆ ಅಡ್ಡಾಡಿ ಬಂದರೂ ಯಾರೂ ಮುಟ್ಟುವುದಿಲ್ಲ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಬೆಳೆದವನಿಗೆ ಈ ಪದ್ಧತಿಯನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೆಲಸಕ್ಕೆಂದು ಈ ಊರಿಗೆ ಬಂದೆ, ಒಪೆರಾ ಹುಚ್ಚು ಹತ್ತಿಸಿಕೊಂಡೆ. ಧಾರವಾಡದ ಗೆಳೆಯರು ಫೋನಿನಲ್ಲಿ ಕೇಳುವುದು ಒಂದೇ. “ಭಾಷಾ ತಿಳಿಯಂಗಿಲ್ಲ, ಮೂರು ತಾಸು ಏನ್ ನೋಡ್ತೀಲೇ ದೋಸ್ತ?” ಕಥೆಯನ್ನು ಮೊದಲೇ ಓದಿಕೊಂಡು ಹೋಗ್ತೀನಿ ಅನ್ನುತ್ತೇನೆ. ಮುಂದೇನಾಗುತ್ತದೋ ಎಂಬ ಕುತೂಹಲಕ್ಕೆ ಒಪೆರಾಗೆ ಬರುವವರು ಕಡಿಮೆ. ನಮ್ಮಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಲು ರಾತ್ರಿಯಿಡೀ ಕೂತವರಿಗೆ ಸತ್ಯಭಾಮೆಯ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಿರಲಿಲ್ಲವೇ? ಇವತ್ತಿನ ಭಾಮೆ ಹೇಗೆ ಹಾಡುತ್ತಾಳೆ, ಜನ ಬಂದದ್ದು ಅದಕ್ಕೆ. ಇಲ್ಲೂ ಅಷ್ಟೇ. ಮಾತು ತಿಳಿಯದವರಿಗೆ ಎದುರಿಗೊಂದು ಪುಟ್ಟ ಪರದೆ ಇರುತ್ತದೆ, ಅದರಲ್ಲಿ ಇಂಗ್ಲಿಷ್ ಸಾಲು ಬರುತ್ತದೆ. ನಾನು ಅದನ್ನು ನೋಡುವುದು ಕಡಿಮೆ.

ಮೊದಲು ಯಾವುದನ್ನು ನೋಡಬೇಕು? ಕೇಳಿದವರಿಗೆಲ್ಲ ನಾನು ಹೇಳುವುದು ಇಟಲಿಯ ಸಂಗೀತಗಾರ ವೆರ್ಡಿಯ ‘ಲಾ ತ್ರಾವಿಯಾತಾ’. ಅದರ ಮೊದಲ ಅಂಕದ ಕುಡಿತದ ಹಾಡು ಎಲ್ಲರ ಕಿವಿಗೂ ಒಮ್ಮೆಯಾದರೂ ಬಿದ್ದಿರುತ್ತದೆ. ನನಗೆ ಬೇಕಾದ್ದು ಎರಡನೇ ಅಂಕ. ವಿಯೊಲೆಟ್ಟಾ ಪ್ಯಾರಿಸ್ಸಿನ ಒಬ್ಬ ವೇಶ್ಯೆ. ಒಬ್ಬನನ್ನು ಪ್ರೀತಿಸಿ, ಎಲ್ಲ ಬಿಟ್ಟು, ಹಳ್ಳಿಯ ಮನೆಗೆ ಬಂದಿದ್ದಾಳೆ. ಅಲ್ಲಿಗೆ ಹುಡುಗನ ಅಪ್ಪ ಬರುತ್ತಾನೆ. ನನ್ನ ಮಗಳ ಲಗ್ನ ನಿನ್ನಿಂದ ನಿಂತಿದೆ, ಮಗನನ್ನು ಬಿಟ್ಟುಬಿಡು ಅನ್ನುತ್ತಾನೆ. ಇಬ್ಬರೂ ಹಾಡುತ್ತಾ ಹೋಗುತ್ತಾರೆ, ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಅವನು ಕೆಟ್ಟವನಲ್ಲ, ಮನೆತನದ ಮಾನಕ್ಕೆ ಅಂಜಿದವನು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅವಳು ಒಪ್ಪಿಕೊಳ್ಳುವ ಹೊತ್ತಿಗೆ ದನಿ ಇಳಿದು ಇಳಿದು ಬರೀ ಒಂದು ಎಳೆಯಾಗುತ್ತದೆ. ಇಷ್ಟು ಒಳ್ಳೆಯದು 1853ರಲ್ಲಿ ವೆನಿಸ್ಸಿನಲ್ಲಿ ಮೊದಲ ಸಲ ಆಡಿದಾಗ ಬಿದ್ದುಹೋಯಿತು. ಕ್ಷಯದಿಂದ ಸಾಯಬೇಕಾದವಳು ದಪ್ಪಗಿದ್ದಾಳೆ ಅಂತ ಜನ ನಕ್ಕರಂತೆ. ಮರುವರ್ಷ ಅದೇ ಊರಿನ ಇನ್ನೊಂದು ಥಿಯೇಟರಿನಲ್ಲಿ ಗೆದ್ದಿತು.

ಅದೇ ವೆರ್ಡಿಯ ‘ರಿಗೊಲೆಟ್ಟೋ’ 1851ರದು. ಗೂನುಬೆನ್ನಿನ ವಿದೂಷಕ, ಅವನ ಮಗಳು, ಅವಳನ್ನು ಕೆಡಿಸಿದ ದೊರೆ. ಅದರ ಕೊನೆಯ ಅಂಕದಲ್ಲಿ ನಾಲ್ವರು ಒಟ್ಟಿಗೆ ಹಾಡುತ್ತಾರೆ. ಒಳಗೆ ದೊರೆ ಇನ್ನೊಬ್ಬಳಿಗೆ ಗಾಳ ಹಾಕುತ್ತಾನೆ. ಅವಳು ನಗುತ್ತಾಳೆ. ಹೊರಗೆ ಗೋಡೆಯ ಸಂದಿಯಿಂದ ನೋಡುವ ಮಗಳು ಅಳುತ್ತಾಳೆ, ಅಪ್ಪ ಹಲ್ಲು ಕಡಿಯುತ್ತಾನೆ. ನಾಲ್ಕು ಮನಸ್ಸು, ನಾಲ್ಕು ಧಾಟಿ, ಒಂದೇ ಹೊತ್ತಿಗೆ. ಯಾವುದೂ ಇನ್ನೊಂದನ್ನು ನುಂಗುವುದಿಲ್ಲ. ನಮ್ಮ ಸಂಗೀತದಲ್ಲಿ ಇದಕ್ಕೆ ಜೋಡಿ ಇಲ್ಲ. ನಾನು ಒಪೆರಾಗೆ ಬಿದ್ದದ್ದೇ ಇದರಿಂದ.

ರಜೆಗೆ ಹುಬ್ಬಳ್ಳಿಗೆ ಬಂದಾಗ ಕಾಕಾನಿಗೆ ಟಿವಿಯಲ್ಲಿ ಮೊಝಾರ್ಟನ ‘ಮ್ಯಾಜಿಕ್ ಫ್ಲೂಟ್’ ಹಚ್ಚಿ ತೋರಿಸಿದೆ. ಕಾಕಾ ಗಂಗೂಬಾಯಿ, ಮನ್ಸೂರರನ್ನು ಎದುರು ಕೂತು ಕೇಳಿದವರು. ಅದರಲ್ಲಿ ‘ರಾತ್ರಿಯ ರಾಣಿ’ ಎಂಬ ಪಾತ್ರದವಳು ಮೇಲಿನ ಸ್ವರಗಳಲ್ಲಿ ಚೂರಿ ಎಸೆದಂತೆ ಹಾಡಿದಳು. ಕಾಕಾ ಕಣ್ಣು ಮುಚ್ಚಿ ಕೇಳಿದರು.

“ಕಂಠ ಛಲೋ ಅದ. ನಾಳೆ ಹಾಡಿದ್ರೂ ಹಿಂಗ ಹಾಡ್ತಾಳೇನು?”

“ಹೌದ್ರಿ ಕಾಕಾ. ಬರೆದಿಟ್ಟದ್ದನ್ನ ಹಾಡಬೇಕು.”

“ಹಂಗಾದ್ರ ಎರಡನೇ ಸರ್ತಿ ಯಾಕ ಹೋಗ್ತಿ ತಮ್ಮಾ?”

ಬೇರೆ ಬೇರೆ ಗಾಯಕರ ಬಾಯಲ್ಲಿ ಅದೇ ಸ್ವರ ಬೇರೆಯಾಗುತ್ತದೆ ಅಂತ ಹೇಳಿದೆ. ಕಾಕಾಗೆ ಅದು ಹಿಡಿಸಲಿಲ್ಲ. ಸ್ವರವಿಸ್ತಾರವಿಲ್ಲದ ಹಾಡು ಅವರ ಲೆಕ್ಕದಲ್ಲಿ ಪಾಠ ಒಪ್ಪಿಸಿದ ಹಾಗೆ. ಆದರೆ ಯಾರಿಗೂ ಮೈಕ್ ಇಲ್ಲ ಅಂದಾಗ ಎದ್ದು ಕೂತರು. ವಿಷಯ ಹೀಗಿದೆ: ತರಬೇತಿ ಪಡೆದ ಗಾಯಕರ, ಅದರಲ್ಲೂ ಗಂಡಸರ, ದನಿ 3000 ಹರ್ಟ್ಸ್ ಆಸುಪಾಸಿನಲ್ಲಿ ಜೋರಾಗುತ್ತದೆ. ವಾದ್ಯಗಳ ಸದ್ದು ಅಲ್ಲಿ ಕಮ್ಮಿ. ಹಾಗಾಗಿ ಒಬ್ಬನ ದನಿ ಇಡೀ ಮೇಳವನ್ನು ಸೀಳಿಕೊಂಡು ಕಡೇ ಸಾಲಿಗೂ ಮುಟ್ಟುತ್ತದೆ. ಕಾಕಾಗೆ ಕಂಪನಿ ನಾಟಕ ನೆನಪಾಯಿತು. ಮನ್ಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದ್ದು, ಗದಗಿನಲ್ಲಿ ಆಶ್ರಮ ನಡೆಯಲೆಂದು ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿದ್ದು, ಎಲ್ಲ ಹೊರಗೆ ಬಂತು. ಕೊನೆಗೆ ಕೇಳಿದರು, “ಅಲ್ಲೂ ಒನ್ಸ್ ಮೋರ್ ಅಂತಾರೇನು?”

ಅನ್ನುತ್ತಾರೆ. ಮಿಲಾನಿನ ಲಾ ಸ್ಕಾಲಾದಲ್ಲಿ ಮಾತ್ರ ಒಬ್ಬರೇ ಹಾಡುವ ಹಾಡಿಗೆ 1933ರಿಂದ ಒನ್ಸ್ ಮೋರ್ ಇರಲಿಲ್ಲ. 2007ರಲ್ಲಿ ಪೆರು ದೇಶದ ಹುವಾನ್ ಡಿಯೆಗೋ ಫ್ಲೋರೆಸ್ ಒಂದೇ ಹಾಡಿನಲ್ಲಿ ಒಂಬತ್ತು ಸಲ ಮೇಲಿನ ಸಿ ಸ್ವರ, ಅಂದರೆ ಗಂಡು ದನಿಗೆ ಬಹಳ ಎತ್ತರದ ಸ್ವರ, ಮುಟ್ಟಿದ. ಜನ ಬಿಡಲಿಲ್ಲ. ಇನ್ನೊಮ್ಮೆ ಹಾಡಿದ, ಅಂದರೆ ಮತ್ತೆ ಒಂಬತ್ತು. ವಿಯೆನ್ನಾದಲ್ಲಿ 2016ರಲ್ಲಿ ಇನ್ನೂ ಮಜಾ ಆಯಿತು. ಪುಚ್ಚೀನಿಯ ‘ತೋಸ್ಕಾ’ದಲ್ಲಿ ಯೋನಾಸ್ ಕೌಫ್‌ಮನ್ ಒನ್ಸ್ ಮೋರ್ ಹಾಡಿ ಮುಗಿಸಿದರೆ, ಒಳಗೆ ಬರಬೇಕಾದ ನಾಯಕಿಯೇ ಇಲ್ಲ! ಅವನು ಅದೇ ಧಾಟಿಯಲ್ಲಿ ‘ನಾಯಕಿ ಇಲ್ಲ’ ಅಂತ ಇಟಾಲಿಯನ್‌ನಲ್ಲಿ ಹಾಡಿಬಿಟ್ಟ. ಕಾಕಾ ಬಿದ್ದು ಬಿದ್ದು ನಕ್ಕರು. ನಮ್ಮ ಕಂಪನಿಗಳಲ್ಲಿ ಹೀಗಾದದ್ದು ಲೆಕ್ಕವಿಲ್ಲ ಅಂದರು.

ನಮ್ಮ ದೇಶದ ಕಥೆಗಳೂ ಒಪೆರಾದಲ್ಲಿವೆ. 1883ರ ‘ಲಾಕ್ಮೆ’ಯಲ್ಲಿ ನೀಲಕಂಠ ಎಂಬ ಪೂಜಾರಿ, ಅವನ ಮಗಳು, ಅವಳ ಮೇಲೆ ಮನಸ್ಸಿಟ್ಟ ಬ್ರಿಟಿಷ್ ಅಧಿಕಾರಿ. ಇಬ್ಬರು ಹೆಂಗಸರು ಹೂ ಕೊಯ್ಯಲು ಹೋಗುವಾಗಿನ ಜೋಡಿ ಹಾಡು ಬಹಳ ಚಂದ. ಉಳಿದ ಇಂಡಿಯಾ ಬರೀ ರಟ್ಟಿನದು. ಹಾಡು ಕೇಳಿ, ಕಥೆ ಬಿಡಿ.

ಹೋಲ್ಸ್ಟನ ‘ಸಾವಿತ್ರಿ’ ಹಾಗಲ್ಲ. ಇಂಗ್ಲೆಂಡಿನ ಈ ಸಂಗೀತಗಾರ ಸಂಸ್ಕೃತ ಕಲಿತವನು. ಮಹಾಭಾರತದ ಸಾವಿತ್ರಿ, ಸತ್ಯವಾನ, ಯಮ: ಮೂರೇ ಪಾತ್ರ, ಅರ್ಧ ತಾಸು. ಮೊದಲಿಗೆ ಯಾವ ವಾದ್ಯವೂ ಇಲ್ಲ. ಕಾಣದ ಕಡೆಯಿಂದ ಯಮನ ದನಿ ಬರುತ್ತದೆ. ಸಾವಿತ್ರಿ ಅದನ್ನು ಕೇಳಿ ತಾನೂ ಹಾಡುತ್ತಾಳೆ. ಎರಡು ದನಿ ಬೇರೆ ಬೇರೆ ಶ್ರುತಿಯಲ್ಲಿ ಹೋದಂತಿರುತ್ತವೆ, ಕೂಡುವುದೇ ಇಲ್ಲ. 1916ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದರು. ಧಾರವಾಡದ ಸೃಜನಾ ರಂಗಮಂದಿರದಲ್ಲಿ ಯಾರಾದರೂ ಇದನ್ನು ಕನ್ನಡದಲ್ಲಿ ಮಾಡಬೇಕು. ಖರ್ಚು ಜಾಸ್ತಿ ಇಲ್ಲ, ಕಥೆ ಹೇಳಿಕೊಡಬೇಕಾಗಿಯೂ ಇಲ್ಲ.

ಊರಲ್ಲೇ ಕೂತು ನೋಡಬೇಕೆಂದರೆ ‘ಒಪೆರಾವಿಷನ್’ ಎಂಬ ವೆಬ್‌ಸೈಟ್ ಇದೆ. ಯುರೋಪಿನ ಬೇರೆ ಬೇರೆ ಥಿಯೇಟರುಗಳ ಒಪೆರಾ ಪುಕ್ಕಟೆ ಸಿಗುತ್ತದೆ, ಇಂಗ್ಲಿಷ್ ಸಾಲುಗಳೂ ಇರುತ್ತವೆ. ಜರ್ಮನಿಯ ಸಂಗೀತಗಾರ ವಾಗ್ನರನನ್ನು ಮಾತ್ರ ಸದ್ಯ ಬಿಡಿ. ಅವನ ‘ರಿಂಗ್’ 4 ರಾತ್ರಿಯ ಆಟ, ಒಟ್ಟು ಸುಮಾರು 15 ತಾಸು. ಬೆಳಗಾಗುವ ತನಕ ದೊಡ್ಡಾಟ ನೋಡಿ ರೂಢಿ ಇದ್ದವರು ಬೇಕಾದರೆ ಧೈರ್ಯ ಮಾಡಿ.